ತಟ್ಟು, ನಾಳೆ ಡ್ಯೂಟಿ ಐತಿ

ಹೋದ ಭಾನುವಾರ ಹೈದರಾಬಾದಿನ ಕುಷಾಯಿಗೂಡದಲ್ಲಿ ನಾವು ಕುಸ್ತಿ ಅಭ್ಯಾಸ ಮಾಡುವ ಹಾಲ್‌ನಲ್ಲಿ ಅಕ್ಕನಿಗೊಂದು ಸಣ್ಣ ಬೀಳ್ಕೊಡುಗೆ ಇತ್ತು. ಮಗಳಿಗೆ ಬೀದರಿನಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಅವರೂ ಯಜಮಾನರೂ ಅಲ್ಲಿಗೇ ಹೊರಟಿದ್ದಾರೆ. ಮ್ಯಾಟಿನ ಮೇಲೆ ಜಮಖಾನ ಹಾಸಿ, ಒಂದು ಶಾಲು, ಒಂದು ಹಾರ, ಉಪ್ಪಿಟ್ಟು, ಚಹ. ಕೋಚ್ ಸರ್ ನನ್ನ ಕೈಗೆ ಮೈಕು ಕೊಟ್ಟು ಎರಡು ಮಾತಾಡಮ್ಮ ಎಂದರು. ನಾನು ಎದ್ದು ನಿಂತು, ಒಳ್ಳೆಯವರು, ಬಹಳ ಕಲಿಸಿದರು ಎಂದೇನೋ ತಪ್ಪುತಪ್ಪು ತೆಲುಗಿನಲ್ಲಿ ಹೇಳಿ ಕೂತುಬಿಟ್ಟೆ. ಹೇಳಬೇಕಾಗಿದ್ದದ್ದು ಬೇರೆ. ಅದು ಮೈಕಿನಲ್ಲಿ ಹೇಳುವಂಥದ್ದಾಗಿರಲಿಲ್ಲ.

ಚಹದ ಲೋಟ ಹಿಡಿದು ಅವರ ಪಕ್ಕ ಕೂತಾಗ, "ನಿಮ್ಮ ಬಗ್ಗೆ ಬರೀತೀನಿ ಅಕ್ಕ," ಅಂದೆ.

"ಬರಿ. ಹೆಸರು ಮಾತ್ರ ಹಾಕಬ್ಯಾಡ."

"ಇಲ್ಲಿ ಕನ್ನಡ ಓದೋರು ಯಾರಿದ್ದಾರೆ ಅಕ್ಕ?"

"ಓದೋರು ಇಲ್ಲಂತ ತಿಳಕೊಂಡ ಎಲ್ಲಾರೂ ಬರೀತಾರ. ಆಮ್ಯಾಲ ಯಾರೋ ಓದ್ತಾರ," ಅಂದರು.

ಆದ್ದರಿಂದ ಹೆಸರಿಲ್ಲ. ನಾನು ಅವರನ್ನು ಅಕ್ಕ ಎಂದೇ ಕರೆದದ್ದು, ಇಲ್ಲೂ ಹಾಗೇ ಇರಲಿ.

ಅಕ್ಕ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವರು. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಬಂದಾಗ ಅವರಿಗೆ ಹತ್ತು ವರ್ಷ. ಯಜಮಾನರೂ ಗೌಂಡಿ ಕೆಲಸದವರೇ. ಅಕ್ಕ ಮಾತ್ರ ಇಟ್ಟಿಗೆ ಬಿಟ್ಟು ಕುಷಾಯಿಗೂಡದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಸೇರಿದ್ದರು. ನಾನು ಮೈಸೂರಿನವಳು. ನಾಚಾರಂನ ಒಂದು ಚಿಕ್ಕ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಚ್ಚುಗಳಿಗೆ ನಕ್ಷೆ ಮಾಡುವ ಕೆಲಸ. ನಮ್ಮಿಬ್ಬರನ್ನು ಒಂದು ಜಾಗಕ್ಕೆ ತಂದದ್ದು ಪ್ಲೈವುಡ್ ಅಂಗಡಿಯ ಮೇಲಿನ ಆ ಹಾಲ್, ಅದರ ನೀಲಿ ಮ್ಯಾಟು.

ಅಲ್ಲಿ ಕಲಿಸುತ್ತಿದ್ದದ್ದು ಗ್ರಾಪ್ಲಿಂಗ್. ಕುಸ್ತಿಯ ಹಾಗೆಯೇ, ಹೊಡೆಯುವಂತಿಲ್ಲ, ಒದೆಯುವಂತಿಲ್ಲ. ಹಿಡಿಯಬೇಕು, ಕೆಡವಬೇಕು, ಎದುರಾಳಿಯ ಕೈಯನ್ನೋ ಕಾಲನ್ನೋ ತಿರುಚಿ, ಇಲ್ಲವೇ ಕುತ್ತಿಗೆ ಅಮುಕಿ ಸೋಲೊಪ್ಪಿಸಬೇಕು. ಸಿಕ್ಕಿಕೊಂಡವರು ಇನ್ನು ತಾಳಲಾರೆ ಅನ್ನಿಸಿದಾಗ ಎದುರಿನವರ ಮೈಮೇಲೋ ಮ್ಯಾಟಿನ ಮೇಲೋ ಎರಡು ಸಲ ತಟ್ಟುತ್ತಾರೆ. ತಟ್ಟಿದ ತಕ್ಷಣ ಬಿಡಬೇಕು. ಬಿಡುತ್ತಾರೆ ಎಂಬ ನಂಬಿಕೆ ಇಲ್ಲದಿದ್ದರೆ ಯಾರೂ ಯಾರ ಕೈಗೂ ತಮ್ಮ ಕುತ್ತಿಗೆ ಕೊಡುವುದಿಲ್ಲ.

ಅಕ್ಕ ಮೊದಲ ದಿನ ಬಂದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಸಂಜೆಯ ಬ್ಯಾಚು. ಹಾಲ್‌ನಲ್ಲಿ ನಾನೊಬ್ಬಳೇ ಹೆಂಗಸು. ಆಸ್ಪತ್ರೆಯ ನೀಲಿ ಸೀರೆಯಲ್ಲೇ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ತಮ್ಮ ಎರಡೂ ಕೈಗಳಿಂದ ತಮ್ಮದೇ ಕುತ್ತಿಗೆ ಹಿಡಿದು ತೋರಿಸಿ ಕೋಚ್ ಸರ್‌ಗೆ ಹೇಳಿದರು: "ಸಾಬ್, ಕೋಯಿ ಐಸಾ ಪಕಡಾ ತೋ ಕೈಸಾ ಛುಡಾನಾ? ಉತ್ನಾಚ್ ಸಿಖಾವ್. ಬಾಕಿ ನಕ್ಕೋ." ಹೀಗೆ ಹಿಡಿದರೆ ಹೇಗೆ ಬಿಡಿಸಿಕೊಳ್ಳುವುದು, ಅಷ್ಟೇ ಕಲಿಸಿ, ಉಳಿದದ್ದು ಬೇಡ. ಅದಕ್ಕೆ ಎರಡು ದಿನ ಮೊದಲು ವಾರ್ಡಿನಲ್ಲಿ ಕುಡಿದು ಬಂದಿದ್ದ ರೋಗಿಯ ಅಣ್ಣನೊಬ್ಬ ಅವರ ಕುತ್ತಿಗೆಗೆ ಕೈ ಹಾಕಿದ್ದನಂತೆ. ಗಂಟಲ ಕೆಳಗೆ ಬೆರಳಿನ ಗುರುತು ಇನ್ನೂ ಕಪ್ಪಗಿತ್ತು.

ಕೋಚ್ ಸರ್ ಅರ್ಧ ಗಂಟೆಯಲ್ಲಿ ಅದನ್ನು ಕಲಿಸಿದರು. ಅಕ್ಕ ಕೈ ಮುಗಿದು ಹೋದರು. ಮರುದಿನ ಮತ್ತೆ ಬಂದರು. ಹಿಂದಿನಿಂದ ಹಿಡಿದರೆ? ಅದಾಯಿತು. ಗೋಡೆಗೆ ಒತ್ತಿ ಹಿಡಿದರೆ? ನೆಲಕ್ಕೆ ಕೆಡವಿ ಮೇಲೆ ಕೂತರೆ? ದಿನಕ್ಕೊಂದು ಪ್ರಶ್ನೆ ತರುತ್ತಾ ಎಂಟು ತಿಂಗಳು ಬಂದರು. ಪ್ರಶ್ನೆ ಮುಗಿದ ಮೇಲೂ ಬರುವುದು ನಿಲ್ಲಲಿಲ್ಲ.

ಮೊದಲ ದಿನ ಅವರಿಗೆ ಜೋಡಿಯಾಗಿ ನನ್ನನ್ನೇ ನಿಲ್ಲಿಸಿದ್ದರು. ಅವರು ನನ್ನ ಮಣಿಕಟ್ಟು ಹಿಡಿದ ರಭಸಕ್ಕೆ ನಾನು "ಅಯ್ಯಯ್ಯೋ ಅಮ್ಮ" ಅಂದೆ. ಹಿಡಿತ ಸಡಿಲಾಯಿತು.

"ಏ, ಕನ್ನಡದಾಕಿ ಏನ್ ನೀನು?"

"ಹೌದು. ಮೈಸೂರು."

"ಮತ್ತ ಮೊದಲ ಹೇಳಬಾರದ? ಮೆತ್ತಗ ಹಿಡೀತಿದ್ದೆ," ಅಂದರು. ಸುಳ್ಳು. ಆಮೇಲೆ ಅವರು ಎಂದೂ ಮೆತ್ತಗೆ ಹಿಡಿದದ್ದಿಲ್ಲ.

ಅವರ ಕೈ ವಾರ್ಡಿನಲ್ಲಿ ಪಳಗಿದ ಕೈ. ತೊಂಬತ್ತು ಕಿಲೋ ತೂಗುವ, ಪಾರ್ಶ್ವವಾಯು ಹೊಡೆದ ಗಂಡಸನ್ನು ಹಾಸಿಗೆಯಲ್ಲಿ ಒಬ್ಬರೇ ಮಗ್ಗುಲು ಬದಲಿಸಬಲ್ಲರು. ಎಲ್ಲಿ ಒತ್ತಿದರೆ ಮೈ ತಾನಾಗಿ ತಿರುಗುತ್ತದೆ, ಎಲ್ಲಿ ಒತ್ತಿದರೆ ಬಿಗಿಯುತ್ತದೆ ಎಂಬುದು ಅವರಿಗೆ ಬೆರಳಲ್ಲಿತ್ತು. ರೋಗಿಯನ್ನು ಮುಟ್ಟುವ ಮೊದಲು ಹೇಳುವುದು ವಾರ್ಡಿನ ಅಭ್ಯಾಸ: ಈಗ ಎತ್ತುತ್ತೀನಿ, ಈಗ ತಿರುಗಿಸುತ್ತೀನಿ. ಮೊದಮೊದಲು ಮ್ಯಾಟಿನ ಮೇಲೂ ಹಾಗೇ ಹೇಳುತ್ತಿದ್ದರು. "ಕಾಲು ಹಿಡೀತೀನಿ ನೋಡು" ಅಂದು ಕಾಲಿಗೆ ಬರುತ್ತಿದ್ದರು. ಕೋಚ್ ಸರ್ ತಲೆ ಚಚ್ಚಿಕೊಳ್ಳುತ್ತಿದ್ದರು. ಆ ಚಟ ಬಿಡಿಸಲು ಒಂದು ವರ್ಷ ಹಿಡಿಯಿತು.

ನನಗೆ ತಟ್ಟುವುದೆಂದರೆ ನಾಚಿಕೆ. ಹಲ್ಲು ಕಚ್ಚಿ ತಾಳುತ್ತಿದ್ದೆ. ಅಕ್ಕ ನನ್ನ ಮೊಣಕೈಯನ್ನು ಅಲ್ಲೇ ಹಿಡಿದಿಟ್ಟುಕೊಂಡು, ಒಂದಿಷ್ಟೂ ಬಲ ಹೆಚ್ಚಿಸದೆ, ಕಿವಿಯ ಹತ್ತಿರ ಹೇಳುತ್ತಿದ್ದರು: "ತಟ್ಟಬೇ. ನಾಳೆ ಡ್ಯೂಟಿ ಐತಿ." ದಿನಾ ಅದೇ ಮಾತು. ಅವರಿಗೂ ಡ್ಯೂಟಿ, ನನಗೂ ಡ್ಯೂಟಿ. ಇದು ಬದುಕುವುದಕ್ಕೆ ಮಾಡುವ ಕೆಲಸ ಅಲ್ಲ, ಬದುಕುವ ಕೆಲಸಕ್ಕೆ ನಾಳೆ ಎರಡೂ ಕೈ ಬೇಕು ಎಂಬುದು ಅವರ ಲೆಕ್ಕ.

ಹಾಗಂತ ಆಸೆ ಇರಲಿಲ್ಲವೆಂದಲ್ಲ. ಒಂದೇ ಒಂದು ಇತ್ತು. ರಾಜ್ಯಮಟ್ಟದ ಪಂದ್ಯದಲ್ಲಿ ಗೆದ್ದವರಿಗೆ ನ್ಯಾಷನಲ್ಸಿಗೆ ಹೋಗಲು ಒಂದು ಜಾಕೀಟು ಕೊಡುತ್ತಾರೆ, ಬೆನ್ನ ಮೇಲೆ ದೊಡ್ಡದಾಗಿ ತೆಲಂಗಾಣ ಎಂದು ಬರೆದಿರುತ್ತದೆ. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು, ರೊಟ್ಟಿ ಪುಂಡಿಪಲ್ಯ ತಿನ್ನುತ್ತಾ ಹೇಳಿದರು: "ಊರಿಗಿ ಹೋದ್ರ ಹೈದರಾಬಾದಿನಾಕಿ ಬಂದ್ಲು ಅಂತಾರ. ಇಲ್ಲಿ ನೋಡಿದ್ರ ಕರ್ನಾಟಕದಾಕಿ ಅಂತಾರ. ಮೂವತ್ತು ವರ್ಷ ಆತು ಬಂದು. ಬೆನ್ನ ಮ್ಯಾಲ ಬರದಿದ್ರ ಯಾರೂ ಕೇಳಂಗಿಲ್ಲ ನೋಡು, ನೀ ಎಲ್ಲಿಯಾಕಿ ಅಂತ."

ಎರಡು ವರ್ಷ ಪ್ರಯತ್ನಿಸಿದ್ದರು. ಒಮ್ಮೆ ಮೂರನೆಯವರು, ಒಮ್ಮೆ ಎರಡನೆಯವರು. ಮೂರನೆಯ ವರ್ಷ ಅವರಿಗೆ ನಲವತ್ತೊಂದು. ಅದೇ ವರ್ಷ ಕೋಚ್ ಸರ್ ನನ್ನ ಹೆಸರನ್ನೂ ಕೊಟ್ಟರು. ಇಬ್ಬರದೂ ಒಂದೇ ತೂಕದ ವರ್ಗ. ನಾನು ಬೇಡವೆಂದೆ. ಒಂದು ಕಿಲೋ ಹೆಚ್ಚು ಮಾಡಿಕೊಂಡು ಮೇಲಿನ ವರ್ಗಕ್ಕೆ ಹೋಗುತ್ತೇನೆ ಎಂದೆ. ಅಕ್ಕನೇ ರೇಗಿದರು. "ನನಗ ಜಾಗ ಬಿಟ್ಟುಕೊಡಾಕ ನಾ ಏನ್ ಮುದುಕಿ ಆಗೀನೇನು, ಬಸ್ಸಿನಾಗ?"

ಆಮೇಲೆ ಪಂದ್ಯಕ್ಕೆ ಏಳು ವಾರ ಇರುವಾಗ ಅದು ಆಯಿತು. ಮಾಮೂಲು ಅಭ್ಯಾಸ. ನಾನು ಅವರ ಎಡಗೈ ಹಿಡಿದು ಬೆನ್ನ ಹಿಂದಕ್ಕೆ ತಿರುಚುವ ಪಟ್ಟು ಹಾಕಿದ್ದೆ. ಅವರು ತಪ್ಪಿಸಿಕೊಳ್ಳಲು ಹೊರಳಿದರು, ಅದೇ ಗಳಿಗೆಗೆ ನಾನು ಜಗ್ಗಿದೆ. ಒಳಗೆ ಏನೋ ಜಾರಿ ಮತ್ತೆ ಕೂತದ್ದು ನನ್ನ ಅಂಗೈಗೇ ಗೊತ್ತಾಯಿತು. ಅಕ್ಕ ಕೂಗಲಿಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಕೋಚ್ ಸರ್ ಅವರನ್ನು ಕರೆಯಲು ಬಾಯಿ ತೆರೆದೆ.

"ಕರೀಬ್ಯಾಡ. ಸುಮ್ಕ ಕೂಡು. ನನ್ನ ಜೋಡಿ ಮಾತಾಡಾಕತ್ತೀ ಅನ್ನಂಗ ಕೂಡು."

ಕೂತೆ. ಅವರು ಬಲಗೈಯಿಂದ ಭುಜ ಹಿಡಿದುಕೊಂಡು ಉಸಿರು ಎಳೆಯುತ್ತಿದ್ದರು. ಮರುದಿನ ನಾನೇ ಅವರನ್ನು ತಾರ್ನಾಕದ ಒಬ್ಬ ಮೂಳೆ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ, ಅವರ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಾಗದಿರಲಿ ಎಂದು. ಮೂರು ತಿಂಗಳು ಭಾರ ಎತ್ತಬೇಡಿ ಎಂದರು ವೈದ್ಯರು. ಅಕ್ಕ ತಲೆ ಆಡಿಸಿದರು. ಹೊರಗೆ ಬಂದು ನನ್ನ ಕಡೆ ನೋಡಿದರು.

"ರೋಗಿನ ಎತ್ತಾಕ ಬರಲಾರದ ಆಯಾನ್ನ ಯಾರು ಇಟ್ಕೋತಾರ? ಯಾರಿಗೂ ಹೇಳಬ್ಯಾಡ. ಕೋಚ್‌ಗೂ ಬ್ಯಾಡ."

"ಪಂದ್ಯ?"

"ಅದೂ ಆಡ್ತೀನಿ."

ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು. ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಚ್ಚಿನ ನಕ್ಷೆಯಲ್ಲಿ ಎರಡು ಭಾಗ ಕೂಡುವ ಗೆರೆ ನೋಡಿದರೂ ಭುಜದ ಕೀಲು ಕಾಣುತ್ತಿತ್ತು. ಅವರು ಒಂದು ಕೈಯನ್ನು ಜೋಪಾನ ಮಾಡುತ್ತಾ ಅಭ್ಯಾಸ ಮುಂದುವರಿಸಿದರು. ಬೇರೆ ಯಾರಿಗೂ ಅದು ಕಾಣಿಸಲಿಲ್ಲ, ನನಗೆ ಮಾತ್ರ ಅದೇ ಕಾಣುತ್ತಿತ್ತು. ಎಡಗಡೆ ಮೊಣಕೈ ಮೈಗೆ ಅಂಟಿಸಿ ಇಟ್ಟುಕೊಳ್ಳುತ್ತಿದ್ದರು, ದಣಿದಾಗ ಮಾತ್ರ ಅದು ಒಂದು ಗೇಣು ಹೊರಗೆ ಬರುತ್ತಿತ್ತು. ಅಭ್ಯಾಸದಲ್ಲಿ ನಾನು ಆ ಎಡಗೈ ಕಡೆಗೆ ಹೋಗುತ್ತಲೇ ಇರಲಿಲ್ಲ. ಪಂದ್ಯದಲ್ಲಿ ಹೋಗಬೇಕೋ ಬೇಡವೋ? ಹೋಗದಿದ್ದರೆ ಅವರಿಗೆ ಗೊತ್ತಾಗುತ್ತದೆ. ಹೋದರೆ ಅವರ ಭುಜ, ಅವರ ಕೆಲಸ, ಎರಡೂ ನನ್ನ ಕೈಯಲ್ಲಿ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಇಷ್ಟು ಆಸೆ ಇಟ್ಟುಕೊಂಡವರು, ಇದೇ ಕೊನೆಯ ವರ್ಷ ಎಂದು ಗೊತ್ತಿರುವವರು, ತಟ್ಟದೇ ಹೋದರೆ?

ದಿನಾ ಬೆಳಿಗ್ಗೆ ಅವರು ವಾರ್ಡಿನ ತೂಕದ ಯಂತ್ರದ ಮೇಲೆ ನಿಂತು ನನಗೆ ಫೋನು ಮಾಡುತ್ತಿದ್ದರು. "ಐವತ್ತೆಂಟೂವರಿ. ನಿಂದು?" ಇಬ್ಬರೂ ನಮ್ಮ ವರ್ಗದ ಮಿತಿಯ ಒಂದೇ ಅಂಕಿಯ ಕಡೆಗೆ ಇಳಿಯುತ್ತಿದ್ದೆವು. ನಮ್ಮ ವರ್ಗದಲ್ಲಿ ನಾಲ್ಕೇ ಹೆಂಗಸರು, ಒಂದೇ ಕಡೆ ಕಲಿತವರನ್ನು ಮೊದಲ ಸುತ್ತಿನಲ್ಲಿ ಬೇರೆ ಬೇರೆ ಜೋಡಿಗೆ ಹಾಕುತ್ತಾರೆ. ಅಂದರೆ ಇಬ್ಬರೂ ಗೆದ್ದರೆ ಫೈನಲ್ಲಿನಲ್ಲೇ ಎದುರಾಗುವುದು. ನಾನು ಮೊದಲ ಪಂದ್ಯದಲ್ಲೇ ಸೋತರೆ ಎಲ್ಲ ಸಲೀಸು ಎಂದು ಎಷ್ಟು ಸಲ ಅಂದುಕೊಂಡೆನೋ. ಪಂದ್ಯದ ಹಿಂದಿನ ಸಂಜೆ ಅಕ್ಕ ನನ್ನ ಮುಖ ನೋಡಿ ಅದನ್ನೂ ಓದಿಬಿಟ್ಟರು.

"ತಂಗಿ, ಒಂದು ಮಾತು ಕೇಳು. ನನ್ನ ಎಡಗೈ ಅಂತ ಕನಿಕರ ಮಾಡಿ ಬಿಟ್ಟೀ ಅಂದ್ರ, ಆ ಮ್ಯಾಟಿನ ಮ್ಯಾಲೇ ನಿನ್ನ ಜೋಡಿ ಮಾತು ಬಿಡ್ತೀನಿ."

"ನೋವಾದರೆ ತಟ್ತೀರಾ?"

ಅವರು ನೆಲಕ್ಕೆ ಬಗ್ಗಿ ನೀರಿನ ಬಾಟಲಿಯ ಮುಚ್ಚಳ ಹುಡುಕುತ್ತಿದ್ದರು.

ಪಂದ್ಯದ ದಿನ ಅಕ್ಕ ತಮ್ಮ ಮೊದಲ ಎದುರಾಳಿಯನ್ನು ಒಂದು ನಿಮಿಷದಲ್ಲಿ ಕುತ್ತಿಗೆ ಪಟ್ಟಿನಿಂದ ಮುಗಿಸಿದರು, ಬಲಗೈಯೊಂದರಲ್ಲೇ. ನಾನು ಎರಡು ಅಂಕದಿಂದ ಗೆದ್ದೆ. ನನ್ನ ಆ ಪಂದ್ಯ ನಡೆಯುವಾಗ ಅವರು ಬದಿಯಲ್ಲಿ ನಿಂತು ಕನ್ನಡದಲ್ಲಿ ಕೂಗುತ್ತಿದ್ದರು, "ಸೊಂಟ ತಿರುವು, ತಲಿ ಮ್ಯಾಲ ಎತ್ತು," ಎದುರಾಳಿಗೆ ಒಂದು ಅಕ್ಷರ ತಿಳಿಯದ ಹಾಗೆ. ಅದು ನಮ್ಮ ಗುಟ್ಟಿನ ಅನುಕೂಲ. ಗೆದ್ದೆನೆಂದು ರೆಫರಿ ನನ್ನ ಕೈ ಎತ್ತಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರೂ ಅವರೇ. ಆಮೇಲೆ ಚಪ್ಪಾಳೆ ನಿಲ್ಲಿಸಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಕ್ರೀಡಾಂಗಣದ ಆ ತುದಿಗೆ ಹೋಗಿ ಒಂದು ಕಂಬಕ್ಕೆ ಒರಗಿ ಕೂತರು. ನಾನು ಈ ತುದಿಯಲ್ಲಿ ಕೂತೆ. ಮೂರು ವರ್ಷದಲ್ಲಿ ಮೊದಲ ಸಲ ಬೇರೆ ಬೇರೆ ಮೈ ಬಿಸಿ ಮಾಡಿಕೊಂಡೆವು. ಕೋಚ್ ಸರ್ ಮೊದಲು ಅವರ ಹತ್ತಿರ, ಆಮೇಲೆ ನನ್ನ ಹತ್ತಿರ ಬಂದು, "ನೇನು ಎವರಿ ವೈಪೂ ಕೂರ್ಚೋನು," ಅಂದರು. ನಾನು ಯಾರ ಕಡೆಗೂ ಕೂರುವುದಿಲ್ಲ. ಹೇಳಿ ಹೊರಗೆ ಚಹಕ್ಕೆ ಹೋಗಿಬಿಟ್ಟರು.

ಕೈ ಕುಲುಕುವಾಗ ಅಕ್ಕನ ಅಂಗೈ ತಣ್ಣಗಿತ್ತು.

ಐದು ನಿಮಿಷದ ಪಂದ್ಯ. ಮೊದಲ ನಿಮಿಷದಲ್ಲೇ ನನ್ನನ್ನು ಕೆಡವಿ ಎರಡು ಅಂಕ ತೆಗೆದರು. ನನ್ನ ಒಂದೊಂದು ಪಟ್ಟೂ ಅವರಿಗೆ ಗೊತ್ತು, ಅವರದು ನನಗೆ ಗೊತ್ತು. ಹಾಗಾಗಿ ಏನೂ ಆಗುತ್ತಿರಲಿಲ್ಲ, ಇಬ್ಬರ ಉಸಿರು ಮಾತ್ರ ಕೇಳುತ್ತಿತ್ತು. ಎಡಗಡೆಗೆ ನಾನು ಹೋಗಲಿಲ್ಲ. ಮೂರನೇ ನಿಮಿಷದಲ್ಲಿ ಕಿವಿಯಲ್ಲಿ ಹೇಳಿದರು: "ಎಡಕ್ಕ ಯಾಕ ಬರವಲ್ಲಿ?" ರೆಫರಿ ಮಾತಾಡಬೇಡಿ ಎಂದು ಎಚ್ಚರಿಸಿದ.

ಒಂದು ನಿಮಿಷ ಉಳಿದಿರುವಾಗ ಅವರು ದಣಿದರು. ಎಡ ಮೊಣಕೈ ಒಂದು ಗೇಣು ಹೊರಗೆ ಬಂತು.

ನಾನು ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕನಿಕರವೂ ನೆನಪಾಗಲಿಲ್ಲ, ಅವರ ಎಚ್ಚರಿಕೆಯೂ ನೆನಪಾಗಲಿಲ್ಲ. ಸೋಲುತ್ತಿದ್ದೇನೆ, ಬಾಗಿಲು ತೆರೆದಿದೆ, ಅಷ್ಟೇ. ಹಿಡಿದೆ. ಮಣಿಕಟ್ಟು ಸಿಕ್ಕಿತು, ತೋಳು ಹಿಂದಕ್ಕೆ ತಿರುಗತೊಡಗಿತು. ಅವರ ಬಲಗೈ ನನ್ನ ಹೊಟ್ಟೆಗೂ ಮ್ಯಾಟಿಗೂ ನಡುವೆ ಸಿಕ್ಕಿತ್ತು. ರೆಫರಿ ನನ್ನ ಬೆನ್ನ ಹಿಂದಿದ್ದ. ತಟ್ಟಿ ಅಕ್ಕ, ತಟ್ಟಿ ಎಂದು ನಾನು ಮನಸ್ಸಿನಲ್ಲಿ ಕೂಗುತ್ತಿದ್ದೆ. ಅವರು ತಟ್ಟಲಿಲ್ಲ. ಇನ್ನೊಂದು ಇಂಚು ತಿರುಗಿಸಿದೆ. ಹೋದ ಸಲ ಜಾರಿದ್ದು ಇಲ್ಲೇ ಎಂದು ಅಂಗೈಗೆ ಗೊತ್ತಿತ್ತು. ಆಗ ನನ್ನ ಪಕ್ಕೆಲುಬಿನ ಮೇಲೆ, ಸಿಕ್ಕಿಕೊಂಡಿದ್ದ ಆ ಬಲಗೈಯ ಬೆರಳುಗಳು ಎರಡು ಸಲ ಬಡಿದವು.

ಮೈಕಿನಲ್ಲಿ ಹೇಳಲಾಗದ್ದು ಇದು. ಅದು ತಟ್ಟಿದ್ದೇ ಎಂದು ನನಗೆ ಗೊತ್ತಾಯಿತು. ಮೂರು ವರ್ಷ ನೂರಾರು ಸಲ ನನ್ನ ಮೈಮೇಲೆ ಬಿದ್ದ ಬೆರಳುಗಳು ಅವು. ನಾನು ಬಿಡಲಿಲ್ಲ. ಒಂದು ಉಸಿರು. ರೆಫರಿ ನೋಡಿಲ್ಲ, ನೋಡಲಿ, ಆಮೇಲೆ ಬಿಡುತ್ತೇನೆ ಎಂದು ಒಂದು ಉಸಿರು ಹಿಡಿದುಕೊಂಡೆ. ಮತ್ತೆ ಎರಡು ಸಲ ಬಡಿಯಿತು. ಆಗ ಬಿಟ್ಟೆ.

ಬಿಟ್ಟದ್ದೇ ತಡ, ಅಕ್ಕನ ಮೈ ತಾನಾಗಿ ಹೊರಳಿ ನನ್ನ ಮೇಲೆ ಬಂತು. ರೆಫರಿಗೆ ಏನೂ ಗೊತ್ತಿಲ್ಲ, ಪಟ್ಟು ಜಾರಿತು ಅಂದುಕೊಂಡು ಆಡಿ ಆಡಿ ಎಂದು ಕೈ ಬೀಸುತ್ತಿದ್ದ. ಗಡಿಯಾರದಲ್ಲಿ ಅರ್ಧ ನಿಮಿಷ. ಅಕ್ಕ ಎರಡು ಅಂಕ ಮುಂದಿದ್ದಾರೆ. ಹಾಗೇ ಮೇಲೆ ಕೂತಿದ್ದರೆ ಸಾಕು, ಜಾಕೀಟು ಅವರದು. ನಾನು ಕೆಳಗೆ ಬಿದ್ದಿದ್ದೆ. ಅಕ್ಕ ತಟ್ಟಿದರು ಎಂದು ಬಾಯಿ ಬಿಟ್ಟು ಹೇಳಿದರೆ ಗೆಲುವು ಕೇಳಿದ ಹಾಗೆ. ಹೇಳದಿದ್ದರೂ, ಅವರು ಗೆಲ್ಲಲಿ ಎಂದು ಸುಮ್ಮನಿದ್ದೆ ಎನ್ನುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಹೆದರಿ ಸುಮ್ಮನಿದ್ದೆ.

ಅಕ್ಕ ಎರಡು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನನ್ನ ಮೇಲಿಂದ ಎದ್ದು, ಮಂಡಿಯೂರಿ, ಬಲ ಅಂಗೈಯಿಂದ ಮ್ಯಾಟಿನ ಮೇಲೆ ಎರಡು ಸಲ, ಇಡೀ ಕ್ರೀಡಾಂಗಣಕ್ಕೆ ಕೇಳುವ ಹಾಗೆ ತಟ್ಟಿದರು.

ರೆಫರಿ ಗಾಬರಿಯಾಗಿ ಏಟಾಯಿತೇ ಎಂದು ಕೇಳಿದ.

"ನೈ ಸಾಬ್. ಮೈಂ ಪೈಲೇಚ್ ಟ್ಯಾಪ್ ಕರೀ ಥೀ. ಆಪ್ ನೈ ದೇಖೇ." ನಾನು ಮೊದಲೇ ತಟ್ಟಿದ್ದೆ, ನೀವು ನೋಡಲಿಲ್ಲ.

ಅವನು ನನ್ನ ಕೈ ಎತ್ತಿದ. ಯಾರೋ ಫೋಟೊ ತೆಗೆಯಲು ಬಂದರು. ನಾನು ಮುಖ ಆ ಕಡೆ ತಿರುಗಿಸಿದೆ. ಅಕ್ಕ ಬಲಗೈ ನನ್ನ ಹೆಗಲ ಮೇಲೆ ಹಾಕಿ, "ಹಲ್ಲು ತೋರ್ಸು. ಅಳೋ ಫೋಟೊ ಮನಿಗಿ ಕಳಸ್ತೀಯೇನು?" ಅಂದರು. ಎಡಗೈ ಪಕ್ಕದಲ್ಲಿ ಜೋತು ಬಿದ್ದಿತ್ತು.

ಮರುದಿನ ಬೆಳಿಗ್ಗೆ ತೂಕದ ಫೋನು ಬರಲಿಲ್ಲ. ಪಂದ್ಯ ಮುಗಿದಿದೆ, ಯಾಕೆ ಬರಬೇಕು ಎಂದುಕೊಂಡೆ. ಹನ್ನೊಂದಕ್ಕೆ ನಾನೇ ಮಾಡಿದೆ, ಎತ್ತಲಿಲ್ಲ. ಊಟದ ಹೊತ್ತಿಗೆ ಮತ್ತೆ ಮಾಡಿದೆ. ತಡೆಯಲಾರದೆ ಅರ್ಧ ದಿನ ರಜೆ ಹಾಕಿ ನಾಚಾರಂನಿಂದ ಶೇರ್ ಆಟೊ ಹತ್ತಿದೆ. ನರ್ಸಿಂಗ್ ಹೋಮಿನ ಎರಡನೇ ಮಹಡಿಯಲ್ಲಿ ಒಬ್ಬ ನರ್ಸು ಅವರು ಇನ್ನು ವಾರ್ಡಿನಲ್ಲಿ ಇಲ್ಲ ಎಂದಳು. ಕೆಲಸ ಹೋಯಿತು, ನಾನೇ ತೆಗೆಸಿದೆ ಅಂದುಕೊಂಡೆ. ಅವಳು ಮಾತು ಮುಂದುವರಿಸಿ, ಕೆಳಗೆ ಬಟ್ಟೆ ರೂಮಿಗೆ ಹಾಕಿದ್ದಾರೆ, ಅಲ್ಲಿ ನೋಡಿ ಅಂದಳು.

ಮೆಟ್ಟಿಲ ಕೆಳಗಿನ ಕೋಣೆ. ಒಗೆದು ಬಂದ ಹಾಸಿಗೆ ಬಟ್ಟೆಗಳ ರಾಶಿಯ ನಡುವೆ ಅಕ್ಕ ಕೂತಿದ್ದರು. ಎಡಗೈ ಕುತ್ತಿಗೆಯಿಂದ ಕಟ್ಟಿದ ಪಟ್ಟಿಯಲ್ಲಿ. ಬೆಳಿಗ್ಗೆಯೇ ಮೇಟ್ರನ್ ಹತ್ತಿರ ಹೋಗಿ ತಾವೇ ಎಲ್ಲ ಹೇಳಿದ್ದರಂತೆ. ಅವರು ಬೈದರಂತೆ, ಇಷ್ಟು ದಿನ ಈ ಭುಜದಲ್ಲಿ ರೋಗಿಯನ್ನು ಎತ್ತಿದೆಯಲ್ಲ, ಕೈ ಬಿಟ್ಟಿದ್ದರೆ ಏನು ಗತಿ ಎಂದು. ಆಮೇಲೆ ವಾಸಿಯಾಗುವ ತನಕ ಇಲ್ಲಿರು ಎಂದು ಕಳಿಸಿದರಂತೆ.

"ಇಲ್ಲಿ ಬ್ಯಾಸರ ಆಗ್ತದ. ಬಟ್ಟಿ ಮಾತಾಡಂಗಿಲ್ಲ," ಅಂದರು. "ಬಂದೀಯಲ್ಲ, ಆ ತುದಿ ಹಿಡಿ."

ನಾನು ಹಾಸುಬಟ್ಟೆಯ ಒಂದು ತುದಿ ಹಿಡಿದೆ. ಅವರು ಒಂದು ಕೈಯಲ್ಲಿ ಇನ್ನೊಂದು. ನಾಲ್ಕು ಮಡಚಿದ ಮೇಲೆ ಹೇಳಿದೆ.

"ಅಕ್ಕ, ನೀವು ತಟ್ಟಿದ್ದು ನನಗೆ ಮೊದಲನೇ ಸಲಾನೇ ಗೊತ್ತಾಯ್ತು. ಬಿಡಲಿಲ್ಲ."

"ಗೊತ್ತೈತಿ."

ಬಟ್ಟೆ ನನ್ನ ಕೈಯಲ್ಲೇ ಉಳಿಯಿತು. ಅವರು ಅದನ್ನು ಎಳೆದುಕೊಂಡು ರಾಶಿಯ ಮೇಲೆ ಇಟ್ಟರು.

"ನಾನೂ ಅದಕ್ಕಿಂತ ಮೊದಲ ತಟ್ಟಬೇಕಿತ್ತು. ತಟ್ಟಲಿಲ್ಲ. ದಿನಾ ನಿನಗ ಹೇಳಾಕಿ ನಾನ. ನಿನ್ನ ಮ್ಯಾಲ ಕೂತಾಗ ಏನ್ ಅನಿಸ್ತು ಗೊತ್ತೇನು? ಹೇಳದ ಇದ್ದುಬಿಡೋಣ ಅನಿಸ್ತು. ನಿನ್ನ ಮಾರಿ ನೋಡಿದೆ. ನೀನೂ ಅಂಜಿದ್ದಿ. ಇಬ್ಬರಿಗೂ ಆಸೆ ಇತ್ತು ತಂಗಿ. ಅಷ್ಟ."

"ನಾನು ನ್ಯಾಷನಲ್ಸಿಗೆ ಹೋಗಲ್ಲ ಅಕ್ಕ."

"ಹೋಗಂಗಿಲ್ಲಾ?" ದನಿ ಒಮ್ಮೆಲೇ ವಾರ್ಡಿನ ದನಿಯಾಯಿತು. "ನಾ ಎದ್ದು ತಟ್ಟಿದ್ದು ನೀ ಮನ್ಯಾಗ ಕೂಡಲಿ ಅಂತ ಏನು? ಹೋಗು. ಇನ್ನೊಂದು ಮಾತು. ಅಲ್ಲಿ ಬರೋ ಹುಡಿಗಿ ನಾನಲ್ಲ. ಆಕಿ ಯಾರೋ ಏನೋ, ಆಕಿಗೂ ನಾಳೆ ಡ್ಯೂಟಿ ಇರ್ತದ. ಮೊದಲನೇದಕ್ಕ ಬಿಡು."

ಅಕ್ಕ ಮತ್ತೆ ಸ್ಪರ್ಧೆಗೆ ಇಳಿಯಲಿಲ್ಲ. ಭುಜ ವಾಸಿಯಾಯಿತು, ವಾರ್ಡಿಗೂ ಮರಳಿದರು. ಪಂದ್ಯಕ್ಕೆ ಸಾಕು ಎಂದರು. ಈ ವರ್ಷದವರೆಗೂ ಹೊಸದಾಗಿ ಬರುವ ಹೆಂಗಸರ ಬ್ಯಾಚು ಅವರದೇ ಆಗಿತ್ತು. ಜಾಕೀಟು ಬಂದಾಗ ನಾನು ಅವರಿಗೇ ಕೊಡಲು ಹೋದೆ. ಹೆಗಲಿಗೆ ಹಿಡಿದು ನೋಡಿ, "ಇದರ ಅಳತಿ ನಿಂದು," ಎಂದು ಮಡಚಿ ವಾಪಸು ಕೊಟ್ಟರು. ಮಡಚುವಾಗ ಬೆನ್ನ ಮೇಲಿನ ಅಕ್ಷರಗಳ ಮೇಲೆ ಕೈ ಒಂದಿಷ್ಟು ಹೊತ್ತು ನಿಂತದ್ದನ್ನು ನಾನು ನೋಡಿದೆ.

ನಾಂಪಲ್ಲಿಯಿಂದ ರೈಲು ಹತ್ತಿ ನ್ಯಾಷನಲ್ಸಿಗೆ ಹೋದೆ. ಮೊದಲ ಪಂದ್ಯ ಉತ್ತರದ ಕಡೆಯ ಒಬ್ಬ ಗಟ್ಟಿ ಹುಡುಗಿಯ ಜೊತೆ. ಮೈಯೆಲ್ಲ ಕಿವಿ ಮಾಡಿಕೊಂಡು ಆಡಿದೆ. ಎರಡನೇ ನಿಮಿಷದಲ್ಲಿ ಅವಳ ತೋಳು ನನಗೆ ಸಿಕ್ಕಿತು, ಅದೇ ಪಟ್ಟು. ತಿರುಗಿಸತೊಡಗಿದೆ. ನನ್ನ ತೊಡೆಗೆ ಏನೋ ಎರಡು ಸಲ ತಾಗಿತು. ತಕ್ಷಣ ಬಿಟ್ಟೆ, ಎರಡೂ ಕೈ ಮೇಲೆತ್ತಿ ಬಿಟ್ಟೆ. ಅವಳು ಒಂದು ಕ್ಷಣ ಆಶ್ಚರ್ಯದಿಂದ ನನ್ನನ್ನು ನೋಡಿ, ನನ್ನ ಕುತ್ತಿಗೆ ಹಿಡಿದು ಪಂದ್ಯ ಮುಗಿಸಿದಳು.

ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದರು, ಕೈಯಲ್ಲೇ ಹಿಡಿದು ಕೂತಿದ್ದರೇನೋ.

"ಏನಾತಬೇ?"

"ಸೋತೆ ಅಕ್ಕ. ಸಿಕ್ಕಿದ್ಲು. ತಟ್ಟಿದ್ಲು ಅಂತ ಬಿಟ್ಟುಬಿಟ್ಟೆ."

"ತಟ್ಟಿದ್ಲಾ?"

"ಇಲ್ಲ. ಕಾಲು ಜಾಡಿಸಿದ್ದು."

ಬೈಯುತ್ತಾರೆ ಎಂದು ಕಣ್ಣು ಮುಚ್ಚಿ ನಿಂತೆ. ಆ ಕಡೆಯಿಂದ ಒಂದು ನಗು ಶುರುವಾಯಿತು, ಹೊಟ್ಟೆಯಿಂದ ಎದ್ದು ಬಂದದ್ದು, ನಿಲ್ಲುವುದೇ ಇಲ್ಲ. ಅಕ್ಕನ ಪಕ್ಕದಲ್ಲಿ ಯಾರೋ ಏನಾಯಿತು ಎಂದು ತೆಲುಗಿನಲ್ಲಿ ಕೇಳುತ್ತಿದ್ದರು. ಅವರಿಗೆ ಉತ್ತರ ಹೇಳಲೂ ಆಗುತ್ತಿರಲಿಲ್ಲ. ನನಗೂ ನಗು ಬಂತು, ನಗುತ್ತಲೇ ಅಳುವೂ ಬಂತು, ಗೋಡೆಗೆ ಒರಗಿ ನೆಲದ ಮೇಲೇ ಕೂತೆ.

"ಹುಚ್ಚಿ," ಅಂದರು ಕೊನೆಗೆ, ಉಸಿರು ತೆಗೆದುಕೊಳ್ಳುತ್ತಾ. "ಬಾ, ಲಗೂನ ಬಾ. ತಟ್ಟೋದು ಯಾವುದು, ಒದೆಯೋದು ಯಾವುದು ಕಲಿಸ್ತೀನಿ. ಊಟ ಮಾಡಿದೇನು?"